ಸಕ್ಕರೆಗೆ ಅಂಟಿದ ಕಾಂತ

ಸಂಗೀತಳ ಅಪ್ಪ ಜವರ, ಅವ್ವ ಚೌಡಮ್ಮ ಇಬ್ಬರೂ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರು. ಅರಿಶಿನ ಕೀಳುವಾಗ, ಎಲೆಕೋಸು ಕೊಯ್ಯುವಾಗ ಅವರನ್ನು ಕರೆಯದೆ ನಮ್ಮಲ್ಲಿ ಕೆಲಸ ಶುರುವಾಗುತ್ತಿರಲಿಲ್ಲ. ನಾನು ತಮಿಳು ಸೀಮೆಗೆ ಸೇರಿದ, ಮಲೆಯ ಮೇಲಿನ ನಮ್ಮ ತಾಳವಾಡಿಯ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೆ. ಹೀಗಾಗಿ ವಾರದಲ್ಲಿ ಐದು ದಿನ ಮಗಳು ನನ್ನ ಮುಂದೆ ಬೆಂಚಿನ ಮೇಲೆ ಕೂರುತ್ತಿದ್ದಳು, ಉಳಿದ ಎರಡು ದಿನ ಅಪ್ಪ ನನ್ನ ಮುಂದೆ ಹೊಲದಲ್ಲಿ ಬಗ್ಗಿ ನಿಲ್ಲುತ್ತಿದ್ದ. ಆಗ ಇದರಲ್ಲಿ ನನಗೆ ವಿಶೇಷವೇನೂ ಕಾಣುತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ಶಾಲೆಯ ಅಂಗಳದ ಕೆಂಪು ಮಣ್ಣಿನಲ್ಲಿ ಕಾಂತವನ್ನು ಎಳೆದು ತೋರಿಸಿದೆ. ಕಪ್ಪು ಹುಡಿ ಅಂಟಿಕೊಂಡಿತು. "ನೋಡಿ, ಮಣ್ಣಲ್ಲಿರೋ ಕಬ್ಬಿಣ" ಎಂದೆ. ಸಂಗೀತ ಎದ್ದು ನಿಂತಳು.

"ಅದು ಕಬ್ಬಿಣಾನೇ ಅಂತ ಎಂಗ್ ಗೊತ್ತು ಸಾ? ಬ್ಯಾರೆ ಏನಾದ್ರೂ ಅಂಟ್ಕಬೋದಲ್ಲ?"

ಒಳ್ಳೆಯ ಪ್ರಶ್ನೆ. ಆದರೆ ಗಂಟೆ ಹೊಡೆಯುವ ಹೊತ್ತಾಗಿತ್ತು. "ಪುಸ್ತಕದಲ್ಲಿ ಬರೆದದೆ, ಕೂತ್ಕೊ" ಎಂದುಬಿಟ್ಟೆ. ಕೂತಳು.

ಮುಂದೆ ಓದಲು ಸತ್ಯಮಂಗಲಕ್ಕೆ ಇಳಿದಳು, ಅಲ್ಲಿಂದ ಕೊಯಮತ್ತೂರಿಗೆ. ಪಾಠ ಇಂಗ್ಲಿಷಿನಲ್ಲಿ, ಹಾಸ್ಟೆಲ್ಲಿನ ಮಾತು ತಮಿಳಿನಲ್ಲಿ, ಲೆಕ್ಕ ಮಾಡುವುದು ಮಾತ್ರ ತಲೆಯೊಳಗೆ ಕನ್ನಡದಲ್ಲಿ. ಮಲೆಯಿಂದ ಬಂದ ಕನ್ನಡದ ಹುಡುಗಿ ಎಂದು ಮೊದಲ ವರ್ಷ ಎಲ್ಲರೂ ಆಡಿಕೊಂಡರಂತೆ. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದಾಗ ತರಗತಿಗೆ ಎರಡನೆಯವಳು. ಸಂಶೋಧನೆಗೆ ಸೇರಬೇಕೆಂಬ ಆಸೆಯಿತ್ತು. ಜವರ ಬೆನ್ನುಮೂಳೆ ಜಾರಿ ಹಾಸಿಗೆ ಹಿಡಿದದ್ದೂ ಅದೇ ವರ್ಷ. ಒಂದು ಸಂಶೋಧನಾ ಸಂಸ್ಥೆಯಲ್ಲಿ ತಾಂತ್ರಿಕ ಸಹಾಯಕಿಯ ತಾತ್ಕಾಲಿಕ ಕೆಲಸ ಸಿಕ್ಕಿತು, ವರ್ಷ ವರ್ಷವೂ ನವೀಕರಿಸುವಂಥದ್ದು. ಎರಡು ವರ್ಷ ಮಾಡಿ ಬಿಟ್ಟು ಓದಲು ಹೋಗುತ್ತೇನೆಂದು ಸೇರಿದವಳು ಹದಿಮೂರು ವರ್ಷ ಅಲ್ಲೇ ಉಳಿದಳು.

ಅವಳು ನೋಡಿಕೊಳ್ಳುತ್ತಿದ್ದದ್ದು ಕಾಂತಶಕ್ತಿ ಅಳೆಯುವ ಒಂದು ಯಂತ್ರ. ಪೊಂಗಲ್ ರಜೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಜಗಲಿಯ ಅಂಚಿನಲ್ಲಿ ಕೂತು ಅದರ ಕತೆ ಹೇಳುತ್ತಿದ್ದಳು. ಒಳಗೆ ಬಾ ಎಂದು ನಾನಾಗಲಿ ನನ್ನ ಹೆಂಡತಿಯಾಗಲಿ ಕರೆದದ್ದು ನೆನಪಿಲ್ಲ.

"ಔಸ್ದ ತುಂಬೋ ಮಾತ್ರೆ ಇರ್ತದಲ್ಲ ಸಾ, ಎರಡು ಓಳಾಗಿ ಬುಚ್ಕತದಲ್ಲ, ಅದ್ರೊಳ್ಗ ಪುಡಿ ತುಂಬ್ತೀನಿ. ಆ ಮಾತ್ರೇನ ಎಳ್ನೀರು ಕುಡಿಯೋ ಸ್ಟ್ರಾ ಒಳಕ್ಕ ಕೂರುಸ್ತೀನಿ. ಆಮೇಲೆ ಸ್ಟ್ರಾನ ಮಿಸಿನ್ ಒಳಕ್ಕ ಇಳುಸ್ತೀನಿ."

"ಅಷ್ಟು ದೊಡ್ಡ ಮಿಸಿನ್‌ಗೆ ಎಳ್ನೀರ್ ಸ್ಟ್ರಾನ?"

"ಊಂ ಸಾ. ಕಬ್ಬಿಣ ಸೋಂಕ್ದೆ ಇರೋ ವಸ್ತು ಬೇಕಲ್ಲ. ಅದ್ಕಿಂತ ಚೆನ್ನಾಗಿರದು ಸಿಕ್ಕಿಲ್ಲ."

ಯಂತ್ರದ ಹೊಟ್ಟೆಯಲ್ಲಿ ದ್ರವರೂಪದ ಹೀಲಿಯಂ ಇರುತ್ತದೆ. ನೀರು ಹೆಪ್ಪುಗಟ್ಟುವ ಚಳಿಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ ಅದರದು. ಆ ಚಳಿಯಲ್ಲಿ ಕೆಲವು ಲೋಹದ ಸುರುಳಿಗಳೊಳಗೆ ವಿದ್ಯುತ್ತು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಪುಡಿ ಆ ಸುರುಳಿಗಳ ನಡುವೆ ಮೇಲಕ್ಕೂ ಕೆಳಕ್ಕೂ ಸರಿದಾಗ, ಅದರಲ್ಲಿರುವ ಕಾಂತಶಕ್ತಿ ಎಷ್ಟೇ ಅಲ್ಪವಾಗಿದ್ದರೂ ಸ್ಕ್ವಿಡ್ ಎಂಬ ಸಾಧನ ಹಿಡಿದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಅದು ಎಷ್ಟು ಸೂಕ್ಷ್ಮವೆಂದರೆ, ಒಮ್ಮೆ ಊರಿನಿಂದ ಹಿಂದಿರುಗಿದವಳು ತನ್ನ ಚಪ್ಪಲಿಗೆ ಮೆತ್ತಿದ್ದ ಮಣ್ಣಿನ ಒಂದು ಚಿಟಿಕೆಯನ್ನು ಕುತೂಹಲಕ್ಕೆ ಅಳೆದಳಂತೆ. ಗೆರೆ ಪರದೆಯಿಂದಲೇ ಹೊರಗೆ ಹೋಯಿತಂತೆ. ಆಮೇಲೆ ಆ ಕೋಣೆಗೆ ಚಪ್ಪಲಿ ನಿಷೇಧಿಸಿದವಳು ಅವಳೇ. ಬಳೆ, ಕಾಲುಂಗುರ, ಹೇರ್‌ಪಿನ್ನು ಎಲ್ಲವನ್ನೂ ಬಾಗಿಲ ಹೊರಗೆ ತೆಗೆಸುತ್ತಿದ್ದಳು. ತನ್ನ ಕೈಗೂ ಬಳೆ ಹಾಕುವುದನ್ನು ಬಿಟ್ಟಳು. ಚೌಡಮ್ಮ ನನ್ನ ಹೆಂಡತಿಯ ಹತ್ತಿರ, "ಎಣ್ಣು ನೋಡಕ ಬರೋರು ಬೋಳುಗೈ ನೋಡ್ಕಂಡು ಓಯ್ತಾರೆ ಕಣವ್ವ" ಎಂದು ಗೋಳಾಡಿದ್ದುಂಟು. ಎರಡು ಸಂಬಂಧ ಬಂದು ಹೋದವು. ಮೂರನೆಯದು ಬರಲಿಲ್ಲ.

ಕೆಲಸದಲ್ಲಿ ಅವಳಿಗೆ ಹೆಮ್ಮೆಯಿತ್ತು. ಬೇರೆ ಊರುಗಳ ಕಾಲೇಜಿನವರೂ ತಮ್ಮ ಪುಡಿಗಳನ್ನು ಅವಳ ಹೆಸರಿಗೇ ಕಳಿಸುತ್ತಿದ್ದರು. ಅವಳು ಕೊಟ್ಟ ಗೆರೆಯನ್ನು ಯಾರೂ ಮತ್ತೆ ಅಳೆದು ನೋಡುತ್ತಿರಲಿಲ್ಲ.

2018ರಲ್ಲಿ ಅವಳ ವಿಭಾಗದ ಪ್ರೊಫೆಸರ್ ಒಬ್ಬರು ಹೊಸ ವಸ್ತುವೊಂದನ್ನು ಮಾಡಿಸಿದರು. ಮಾಡಿದವಳು ಅವರ ಸಂಶೋಧನಾ ವಿದ್ಯಾರ್ಥಿನಿ ಲೋಕೇಶ್ವರಿ, ಗೋಬಿಚೆಟ್ಟಿಪಾಳ್ಯದ ಕಡೆಯವಳು. ನೀಲಿ ಬಣ್ಣದ ಪುಡಿ. ಕಬ್ಬಿಣವಿಲ್ಲದೆ ಬರೀ ಅಣುಗಳನ್ನು ಜೋಡಿಸಿ ಕಟ್ಟಿದ ಇಂಥ ವಸ್ತುಗಳು ಕಾಂತವಾದರೂ ಸಾಮಾನ್ಯವಾಗಿ ಕಡುಚಳಿಯಲ್ಲಿ ಮಾತ್ರ. ಸ್ವಲ್ಪ ಬಿಸಿ ತಗುಲಿದರೆ ಆ ಗುಣ ಹೋಗಿಬಿಡುತ್ತದೆ. ಈ ಪುಡಿ ಮಾತ್ರ ನಾವು ಕೂತು ಮಾತಾಡುವ ಕೋಣೆಯ ಬಿಸಿಯಲ್ಲೂ ಕಾಂತವಾಗಿಯೇ ಇತ್ತು. ಸಣ್ಣದು, ಆದರೆ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವಂತಿತ್ತು. ಪ್ರೊಫೆಸರ್ ಇಡೀ ವಿಭಾಗಕ್ಕೆ ಸಿಹಿ ಹಂಚಿದರು.

ಸಂಗೀತಳಿಗೆ ಒಂದು ಅನುಮಾನ ಬಂತು. ಹತ್ತು ಮಿಲಿಗ್ರಾಂ ಪುಡಿಗೆ ಇಷ್ಟು ಕಾಂತಶಕ್ತಿ ಬಂದರೆ ಇಪ್ಪತ್ತಕ್ಕೆ ಅದರ ಎರಡರಷ್ಟು ಬರಬೇಕು. ಅವಳು ಇಪ್ಪತ್ತು ತುಂಬಿ ಅಳೆದಳು. ಮೊದಲಿಗಿಂತ ಕಡಿಮೆ ಬಂತು. ಅಂದರೆ ಕಾಂತ ಪುಡಿಯದಲ್ಲ, ಪುಡಿಯ ಜೊತೆ ಸೇರಿಕೊಂಡ ಬೇರೆ ಯಾವುದರದೋ ಇರಬೇಕು. ಲೋಕೇಶ್ವರಿಯ ಪ್ರಯೋಗಶಾಲೆಗೆ ಹೋಗಿ ನಿಂತು ನೋಡಿದಳು. ಪುಡಿ ಒಂದು ಗಾಜಿನ ಸೋಸುಬಟ್ಟಲಿಗೆ ಗಟ್ಟಿಯಾಗಿ ಹತ್ತಿಕೊಳ್ಳುತ್ತಿತ್ತು. ಲೋಕೇಶ್ವರಿ ಅದನ್ನು ಸವೆದ ಉಕ್ಕಿನ ಚಮಚವೊಂದರಿಂದ ಕರಕರ ಕೆರೆದು ತೆಗೆಯುತ್ತಿದ್ದಳು.

ಸಂಗೀತ ಅಡುಗೆಮನೆಯ ಸಕ್ಕರೆ ತಂದಳು. ನೀರಲ್ಲಿ ಕರಗಿಸಿ, ಅದೇ ಬಟ್ಟಲಿನಲ್ಲಿ ಒಣಗಿಸಿ, ಅದೇ ಚಮಚದಿಂದ ಕೆರೆದು ಅಳೆದಳು. ಸಕ್ಕರೆ ಕಾಂತವಾಗಿತ್ತು. ಪ್ಲಾಸ್ಟಿಕ್ ಚಮಚದಿಂದ ಕೆರೆದಾಗ ಸಕ್ಕರೆಯೂ ಸುಮ್ಮನಾಯಿತು, ನೀಲಿ ಪುಡಿಯೂ ಸುಮ್ಮನಾಯಿತು. ಕಣ್ಣಿಗೆ ಕಾಣದಷ್ಟು ಉಕ್ಕಿನ ಹುಡಿ ಮಾಡಿದ ಕೆಲಸ ಅದು. ತಾರೀಖು ಹಾಕಿ ಎಲ್ಲವನ್ನೂ ಯಂತ್ರದ ರಿಜಿಸ್ಟರಿನಲ್ಲಿ ಬರೆದಳು. ಗೆರೆಗಳನ್ನು ಪ್ರಿಂಟ್ ತೆಗೆದುಕೊಂಡು ಪ್ರೊಫೆಸರರ ಕೋಣೆಗೆ ಹೋದಳು. ಲೋಕೇಶ್ವರಿಯೂ ಜೊತೆಯಲ್ಲಿದ್ದಳು.

ಪ್ರೊಫೆಸರ್ ಕಾಗದ ನೋಡಲಿಲ್ಲ. ಅವಳನ್ನು ನೋಡಿದರು. "ಯಂತ್ರಕ್ಕೆ ಮಾದರಿ ಇಳಿಸುವುದು ನಿನ್ನ ಕೆಲಸ. ಅದರ ಅರ್ಥ ಹೇಳುವುದಕ್ಕೆ ನಾವು ಇದ್ದೇವೆ" ಎಂದರು. ಲೋಕೇಶ್ವರಿ ನೆಲ ನೋಡುತ್ತ ನಿಂತಿದ್ದಳು. ಮೂರು ತಿಂಗಳಲ್ಲಿ ಲೇಖನ ಅಚ್ಚಾಯಿತು. ಪ್ರೊಫೆಸರರ ಫೋಟೋ ಪೇಪರಿನಲ್ಲಿ ಬಂತು. ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ಯಂತ್ರ ಒದಗಿಸಿದ ಸಂಸ್ಥೆಯ ಹೆಸರಿತ್ತು.

ಆ ಪೊಂಗಲ್‌ಗೆ ಬಂದಾಗ ಇದನ್ನೆಲ್ಲ ನನಗೆ ಹೇಳಿದಳು.

"ದೊಡ್ಡೋರ ಜೊತೆ ಯಾಕ ಜಗಳ? ಅವರ ಪುಡಿ, ಅವರ ಲೇಖನ. ನೀನು ನಿನ್ನ ಕೆಲಸ ನೋಡ್ಕ ಮಗ" ಎಂದೆ.

"ಜಗಳ ಅಲ್ಲ ಸಾ. ಅದು ತಪ್ಪು. ಅಷ್ಟೆ" ಎಂದಳು.

ಕೊರೋನಾದ ಮೊದಲ ಅಲೆ ಕಳೆದ ಮೇಲೆ ಹೊರದೇಶದ ಮೂರು ಪ್ರಯೋಗಶಾಲೆಗಳು ಅದೇ ಪುಡಿ ಮಾಡಿ ಅಳೆದವು. ಏನೂ ಸಿಗಲಿಲ್ಲ. ಲೇಖನ ಅಚ್ಚು ಮಾಡಿದ್ದ ಪತ್ರಿಕೆಯವರು ವಿವರಣೆ ಕೇಳಿದರು. ಸಂಸ್ಥೆ ವಿಚಾರಣಾ ಸಮಿತಿ ಮಾಡಿತು. ಪ್ರೊಫೆಸರ್ ಸಮಿತಿಗೆ, ಪುಡಿ ಸರಿಯಾಗಿಯೇ ಇತ್ತು, ಅಳೆಯುವ ಕೋಣೆಯಲ್ಲಿ ಕಬ್ಬಿಣ ಸೇರಿರಬೇಕು ಎಂದರು.

2021ರ ನವೆಂಬರ್. ನಿವೃತ್ತಿಗೆ ನನಗೆ ಎಂಟು ತಿಂಗಳಿತ್ತು. ಪಿಂಚಣಿಯ ಕಾಗದಪತ್ರಕ್ಕೆಂದು ಸತ್ಯಮಂಗಲಕ್ಕೆ ಹೊರಟಿದ್ದೆ. ಸಂಗೀತ ಫೋನ್ ಮಾಡಿ, "ದಿಂಬಂನಲ್ಲಿ ಇಳೀರಿ ಸಾ, ನಾನು ಕೆಳಗಿಂದ ಬತ್ತಾ ಇವ್ನಿ, ಒಂದ್ ಕಾಗ್ದ ತೋರುಸ್ಬೇಕು" ಎಂದಳು. ಇಳಿದೆ. ಘಾಟಿಯ ನೆತ್ತಿಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಇಪ್ಪತ್ತೇಳು ತಿರುವು ಹತ್ತಿ ಬಂದ ಲಾರಿಗಳು ಉಸಿರು ಬಿಡುತ್ತ ಸಾಲಾಗಿ ನಿಂತಿದ್ದವು. ಅವಳು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಮುಖ ಇಳಿದುಹೋಗಿತ್ತು. ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು.

ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೇಳಿಕೆ. ಮಾದರಿಗಳನ್ನು ತುಂಬುವಾಗ ತಾನು ಶುಚಿತ್ವದ ನಿಯಮಗಳನ್ನು ಪೂರ್ತಿಯಾಗಿ ಪಾಲಿಸದೆ ಇದ್ದಿರಬಹುದು, ಅದರಿಂದ ಅಳತೆಯಲ್ಲಿ ದೋಷ ಬಂದಿರಬಹುದು ಎಂದಿತ್ತು. ಕೆಳಗೆ ಅವಳ ಹೆಸರು. ಸಹಿಯ ಜಾಗ ಖಾಲಿ.

"ಸೈನ್ ಆಕುದ್ರ ವಿಚಾರಣೆ ಇಲ್ಗೇ ಮುಗೀತದಂತೆ. ಕೆಲ್ಸನೂ ಮುಂದುವರಿತದಂತೆ. ಆಪೀಸಿನೋರು ಅಂಗಂದ್ರು. ಸೋಮವಾರ ಕೊಡ್ಬೇಕು" ಎಂದಳು. ಆಮೇಲೆ, "ಇದು ಸುಳ್ಳು ಸಾ" ಎಂದಳು.

"ಇದ್ದಿರಬಹುದು ಅಂತ ತಾನೇ ಅದೆ? ತಪ್ಪು ಮಾಡ್ದೆ ಅಂತ ಎಲ್ಲದೆ?"

"ಮೂರು ವರ್ಸ ಮುಂಚೆನೇ ನಾನು ಅವರ್ಗ ಏಳಿವ್ನಿ. ರಿಜಿಸ್ಟರ್‌ನಲ್ಲೂ ಬರ್ದಿವ್ನಿ."

"ನಿನ್ನ ಮಾತು ಯಾರು ಕೇಳ್ತಾರೆ ಸಂಗೀತ? ಅವರು ಪ್ರೊಫೆಸರು. ನಿಮ್ಮಪ್ಪನ ಬೆನ್ನು ಹೆಂಗಿದೆ ಅಂತ ನಿನಗೇ ಗೊತ್ತು. ಹಟ ಹಿಡಿಬ್ಯಾಡ. ಒಂದು ಸಹಿ. ಹಾಕಿಬಿಡು, ಎಲ್ಲ ತಣ್ಣಗಾಗ್ತದೆ."

ಅವಳು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು. ಟೀ ಆರಿ ಕೆನೆ ಕಟ್ಟಿತು. ಕೊನೆಗೆ, "ಪೆನ್ನು ಕೊಡಿ ಸಾ" ಎಂದಳು. ನನ್ನ ಜೇಬಿನ ಪೆನ್ನು ಕೊಟ್ಟೆ. ತೊಡೆಯ ಮೇಲೆ ಬ್ಯಾಗು, ಅದರ ಮೇಲೆ ಹಾಳೆ ಇಟ್ಟುಕೊಂಡು ಸಹಿ ಹಾಕಿದಳು. ಇಷ್ಟು ದೂರ ಬಂದಿದ್ದೀಯ, ಮನೆಗೆ ಹೋಗಿ ಅಪ್ಪ ಅವ್ವನನ್ನು ನೋಡಿ ಬಾ ಎಂದೆ. "ಬ್ಯಾಡ ಸಾ, ಅವ್ವ ಮುಖ ನೋಡೇ ಕೇಳ್ಬುಡ್ತಾಳೆ" ಎಂದಳು. ಕೆಳಗಿಳಿಯುವ ಬಸ್ಸು ಬಂತು. ಇಬ್ಬರೂ ಅದನ್ನೇ ಹತ್ತಿದೆವು. ಅವಳು ಹೆಂಗಸರ ಕಡೆ ಕಿಟಕಿಗೆ ಕೂತಳು, ನಾನು ಹಿಂದೆ. ಸತ್ಯಮಂಗಲದಲ್ಲಿ ಇಳಿಯುವಾಗ ಒಂದು ಒಳ್ಳೆಯ ಕೆಲಸ ಮಾಡಿದೆನೆಂದೇ ನನ್ನ ಮನಸ್ಸಿನಲ್ಲಿತ್ತು.

ಸಮಿತಿ ಎರಡು ಕಾಗದಗಳನ್ನು ಮುಂದಿಟ್ಟುಕೊಂಡು ಅವಳನ್ನು ಕರೆಯಿತು. ಒಂದು ಆ ಹೇಳಿಕೆ. ಇನ್ನೊಂದು ರಿಜಿಸ್ಟರಿನಲ್ಲಿ ಅವಳೇ ಬರೆದಿದ್ದ ಸಕ್ಕರೆಯ ಪ್ರಯೋಗ. ಉಕ್ಕಿನ ಹುಡಿ ಸೇರುತ್ತಿದೆ ಎಂದು 2018ರಲ್ಲೇ ಗೊತ್ತಿತ್ತಲ್ಲ, ಲಿಖಿತವಾಗಿ ಯಾರಿಗೂ ಏಕೆ ವರದಿ ಮಾಡಲಿಲ್ಲ ಎಂದು ಕೇಳಿದರು. ಪ್ರೊಫೆಸರರಿಗೆ ಕಾಗದ ತೋರಿಸಿದ್ದೆ ಎಂದಳು. ಪ್ರೊಫೆಸರ್ ತಮಗೆ ಹಾಗೆ ನೆನಪಿಲ್ಲ ಎಂದರು. ಲೋಕೇಶ್ವರಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಂದಿನ ತಿಂಗಳಿತ್ತು. ತನಗೂ ಸರಿಯಾಗಿ ನೆನಪಿಲ್ಲ ಎಂದಳು.

ಹೀಗೆ ಅವಳು ಕಂಡುಹಿಡಿದ ಸತ್ಯವೇ ಅವಳ ಮೇಲಿನ ಆರೋಪವಾಯಿತು. ಗೊತ್ತಿದ್ದೂ ಮುಚ್ಚಿಟ್ಟಳು ಎಂದು ಬರೆದರು. ಲೇಖನ ಹಿಂತೆಗೆದರು, ಕಾರಣದಲ್ಲಿ "ಯಂತ್ರ ನಿರ್ವಾಹಕರ ಲೋಪ" ಎಂದು ಸೇರಿಸಿದರು. ಮಾರ್ಚ್ ಕೊನೆಗೆ ಅವಳ ಕೆಲಸ ನವೀಕರಣವಾಗಲಿಲ್ಲ. ಪ್ರೊಫೆಸರ್ ಮರುವರ್ಷ ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು.

ಒಂದು ಟ್ರಂಕು, ಎರಡು ಚೀಲ ಹಿಡಿದು ತಾಳವಾಡಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಜವರ ಕೋಲೂರಿಕೊಂಡು ಬಂದಿದ್ದನಂತೆ. "ಎಷ್ಟ್ ದಿನ ರಜ ಕೂಸೆ?" ಎಂದು ಕೇಳಿದನಂತೆ. ಅದಕ್ಕೆ ಅವಳೇನು ಹೇಳಿದಳೋ ನನಗೆ ತಿಳಿಯದು. ಹತ್ತು ದಿನದ ಮೇಲೆ ಜವರನೇ ನಮ್ಮ ಹೊಲದ ಬದುವಿನ ಮೇಲೆ ಸಿಕ್ಕಿ, "ಏನ್ ತಪ್ಪು ಮಾಡ್ಬುಟ್ಲು ಮೇಷ್ಟ್ರೇ ನನ್ನ್ ಮಗ್ಳು? ನಿಮ್ಗಾದ್ರೂ ಗೊತ್ತಿರ್ಬೋದು" ಎಂದ. ಕಬ್ಬಿಣ ಎಂದೆ, ಪುಡಿ ಎಂದೆ, ಏನೇನೋ ಬಡಬಡಿಸಿದೆ. ದಿಂಬಂನ ಬೆಂಚಿನ ವಿಷಯ ಹೇಳಲಿಲ್ಲ. ಅವನು ತಲೆಯಾಡಿಸಿ, "ನಿಮ್ಮಂತೋರು ಇದ್ರೂ ಇಂಗಾಯ್ತಲ್ಲ" ಎಂದು ಹೋದ.

ಸುತ್ತಲಿನ ಖಾಸಗಿ ಶಾಲೆಗಳಿಗೆಲ್ಲ ಅವಳು ಅರ್ಜಿ ಹಾಕಿದಳು. ಎಲ್ಲರೂ ಹಿಂದಿನ ಕೆಲಸದ ಪ್ರಮಾಣಪತ್ರ ಕೇಳಿದರು. ಅದರಲ್ಲಿ ಬಿಟ್ಟ ಕಾರಣ ಬರೆದಿತ್ತು. ಕೊನೆಗೆ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಳು. ಜಮೀನಿನ ಪಟ್ಟಾ ಬದಲಾವಣೆ, ಜಾತಿ ಸರ್ಟಿಫಿಕೇಟು, ವಿಧವೆಯರ ಪಿಂಚಣಿ ಎಂದು ಬಂದ ಕನ್ನಡದವರ ಮಾತು ಕೇಳಿಕೊಂಡು ತಮಿಳಿನಲ್ಲಿ ಅರ್ಜಿ ಬರೆದುಕೊಡುತ್ತಾಳೆ. ಅವಳು ಬರೆದ ಅರ್ಜಿ ತಿರುಗಿ ಬರುವುದಿಲ್ಲವೆಂದು ಹಾಸನೂರಿನಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಎರಡು ವರ್ಷದ ಹಿಂದೆ ಲೋಕೇಶ್ವರಿ ಸಂಗೀತಳಿಗೆ ಫೋನ್ ಮಾಡಿದಳು. ಆಗಲೇ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದಳು. ಅಳುತ್ತ ಕ್ಷಮೆ ಕೇಳಿದಳಂತೆ. ಆಮೇಲೆ, ಅಳತೆಯಲ್ಲಿ ಕಲಬೆರಕೆ ಪತ್ತೆ ಮಾಡುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಆ ಸಕ್ಕರೆಯ ಪ್ರಯೋಗ ಹಾಕಿಕೊಳ್ಳಲೇ ಅಕ್ಕ ಎಂದಳಂತೆ. ಹಾಕಿಕೋ ಎಂದಳಂತೆ ಸಂಗೀತ. ಲೇಖನ ಬಂತು. ಈಗ ಆ ಕ್ಷೇತ್ರದವರು ಹೊಸ ವಿದ್ಯಾರ್ಥಿಗಳಿಗೆ ಅದನ್ನು ಓದಿಸುತ್ತಾರೆಂದು ಕೇಳಿದ್ದೇನೆ. ಕಂಪ್ಯೂಟರಿನಲ್ಲಿ ತೆರೆಸಿ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಸಂಗೀತ ಎಂಬ ಹೆಸರು ಎಲ್ಲೂ ಇಲ್ಲ.

ಆ ದಿನ ನನಗೆ ತಡೆಯಲಾಗಲಿಲ್ಲ. ಸಂಸ್ಥೆಗೆ ನಾಲ್ಕು ಪುಟದ ಪತ್ರ ಬರೆದೆ. ಹೇಳಿಕೆಗೆ ಅವಳು ಇಷ್ಟಪಟ್ಟು ಸಹಿ ಹಾಕಲಿಲ್ಲ, ಹಾಕಿಸಿದವನು ನಾನು ಎಂದು ಬರೆದೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಎರಡು ತಿಂಗಳಿಗೆ ಒಂದು ಸಾಲಿನ ಉತ್ತರ ಬಂತು: ತಮ್ಮ ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ.

ಆ ಉತ್ತರ ಹಿಡಿದುಕೊಂಡು ಅಂಗಡಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಜನ ಇರಲಿಲ್ಲ. ಅವಳು ಓದಿ ಮಡಿಚಿ ಮೇಜಿನ ಮೇಲಿಟ್ಟಳು.

"ಯಾಕ ಸಾ ಇದೆಲ್ಲ ಮಾಡುದ್ರಿ?"

"ಲೋಕೇಶ್ವರಿ ಮೇಲಾದರೂ ಬರೆಯೋಣ ಮಗ. ಆ ಪ್ರಯೋಗ ನಿಂದು."

"ಬುಡಿ. ಅದ್ನ ಓದ್ದೋರು ಇನ್ಮೇಕೆ ಉಕ್ಕಿನ ಚಮಚದಲ್ಲಿ ಕೆರಿಯದಿಲ್ಲ. ಅಷ್ಟಾದ್ರೂ ಆಯ್ತಲ್ಲ."

ಅವಳ ದನಿಯಲ್ಲಿ ಸಮಾಧಾನವಿರಲಿಲ್ಲ. ನನ್ನನ್ನು ಬೇಗ ಕಳಿಸಿಬಿಡುವ ಆತುರವಿತ್ತು. ಆದರೂ ನಾನು ಬಿಡಲಿಲ್ಲ. "ಅವತ್ತು ನಾನು ಹಾಕು ಅನ್ನಬಾರದಾಗಿತ್ತು" ಎಂದೆ. ಅಂಥದ್ದೇನಿಲ್ಲ ಬಿಡಿ ಸಾ ಎಂದು ಅವಳ ಬಾಯಿಂದ ಕೇಳಬೇಕೆಂಬ ಆಸೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅವಳು ನನ್ನ ಮುಖವನ್ನೇ ನೋಡಿದಳು.

"ನೀವು ಏಳ್ದೆ ಇದ್ದಿದ್ರೂ ನಾನೇ ಆಕ್ಬುಡ್ತಿದ್ನೋ ಏನೋ, ಗೊತ್ತಿಲ್ಲ ಸಾ. ಅವತ್ತು ಬಸ್ಸಲ್ಲಿ ಬರ್ತಾ ಒಂದೇ ಯೋಚ್ನೆ ಇತ್ತು. ಪ್ರಪಂಚದಲ್ಲಿ ಒಬ್ರಾದ್ರೂ ಬ್ಯಾಡ ಅನ್ಲಿ, ನಾನು ಆಕದಿಲ್ಲ ಅಂತ. ಅದ್ಕೆ ನಿಮ್ಮತ್ರ ಬಂದುದ್ದು. ಸಲಹೆ ಕೇಳಕ ಅಲ್ಲ."

ಅಷ್ಟರಲ್ಲಿ ಒಬ್ಬ ಮುದುಕಿ ಸೆರಗಿನಲ್ಲಿ ಕಾಗದಗಳನ್ನು ಸುತ್ತಿಕೊಂಡು ಬಂದು ನಿಂತಳು. ಸಂಗೀತ ಅವಳ ಕಡೆ ತಿರುಗಿದಳು. "ಬಾರವ್ವ, ಕೂತ್ಕ. ಯಾವೂರು?" ಎಂದು ಕುರ್ಚಿ ತೋರಿಸಿದಳು. ಅದು ನಾನು ಕೂತಿದ್ದ ಕುರ್ಚಿ. ಎದ್ದುಕೊಟ್ಟೆ. ಆಚೆ ಬಿಸಿಲು ಜೋರಾಗಿತ್ತು. ಚಾಮರಾಜನಗರದ ಬಸ್ಸು ಹಾರನ್ ಹಾಕುತ್ತಿತ್ತು. ಅಂಗಡಿಯ ಮೆಟ್ಟಿಲಿಳಿದು, ಯಾವ ಕಡೆ ಹೋಗಬೇಕೆಂದು ತೋಚದೆ, ರಸ್ತೆಯ ಬದಿಯಲ್ಲಿ ನಿಂತೆ.